ಗ್ರಾಫಿಕ್ಸ್ ಕಾರ್ಡನ್ನು ಕೊನೆಗೆ ಆರಿಸಿದ ಒಂದು ಗೇಮಿಂಗ್ ಕಂಪ್ಯೂಟರ್: ಕನಕಪುರ ರಸ್ತೆಯ ಮನೆಯೊಂದರ ಪ್ರಕರಣ

ಬೆಂಗಳೂರಿನ ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ತಂದೆ ತಾಯಿಯೊಂದಿಗೆ ವಾಸವಾಗಿರುವ, ಅನಿಮೇಷನ್ ಸ್ಟುಡಿಯೊವೊಂದರಲ್ಲಿ ಕೆಲಸ ಮಾಡುವ ಯುವಕರೊಬ್ಬರು 2025ರ ಏಪ್ರಿಲ್‌ನಲ್ಲಿ ನಾಲ್ಕು ಲಕ್ಷ ರೂಪಾಯಿಯ ಮಿತಿಯೊಳಗೆ ಹೊಸ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಲು ನಿಶ್ಚಯಿಸಿದ್ದರು. ಸಲಹೆ ಕೇಳಲು ನನ್ನ ಬಳಿಗೆ ಅವರು ಸಿದ್ಧಪಡಿಸಿಕೊಂಡು ಬಂದಿದ್ದ ಪಟ್ಟಿಯ ಮೊದಲ ಸಾಲಿನಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರಗಳನ್ನು ಬಿಡಿಸುವ ಭಾಗ) ಇತ್ತು. ಉಳಿದ ಸಾಲುಗಳೆಲ್ಲ ಆ ಕಾರ್ಡು ತಿಂದುಳಿದ ಹಣಕ್ಕೆ ಹೊಂದುವಂತೆ ಬರೆದವಾಗಿದ್ದವು. 32 ಜಿಬಿ ಜಿಡಿಡಿಆರ್7 ಮೆಮೊರಿಯ ಈ ಕಾರ್ಡಿಗೆ ಕಂಪನಿಯೇ ಭಾರತದಲ್ಲಿ ಘೋಷಿಸಿದ್ದ ಆರಂಭಿಕ ಬೆಲೆ 2,14,000 ರೂಪಾಯಿ. ಅಂಗಡಿಗಳಲ್ಲಿ ಆಗ ಹೇಳುತ್ತಿದ್ದ ದರ ಎರಡೂವರೆ ಲಕ್ಷವನ್ನು ದಾಟಿತ್ತು. ಆದ್ದರಿಂದ ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ, ಪವರ್ ಸಪ್ಲೈ, ಕ್ಯಾಬಿನೆಟ್ ಎಲ್ಲವೂ ಉಳಿದ ಒಂದೂವರೆ ಲಕ್ಷದೊಳಗೆ ಮುಗಿಯಬೇಕಿತ್ತು, ಮಾನಿಟರ್ ಹಳೆಯದೇ ಉಳಿಯಬೇಕಿತ್ತು, ಯುಪಿಎಸ್‌ಗೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಕೊನೆಗೆ ಅವರ ಮನೆ ಸೇರಿದ್ದು ಆರ್‌ಟಿಎಕ್ಸ್ 5070 ಟಿಐ. ಹಣ ಸಾಲದೆ ಆದ ಬದಲಾವಣೆ ಅದಲ್ಲ, ಏಕೆಂದರೆ ಪಟ್ಟಿಯ ಪ್ರಕಾರ 5090 ಕೊಳ್ಳುವಷ್ಟು ಹಣ ಇದ್ದೇ ಇತ್ತು. ಪರದೆ, ಗೋಡೆಯ ಸಾಕೆಟ್ ಮತ್ತು ಕೋಣೆಯ ಸೆಖೆ, ಈ ಮೂರನ್ನು ಅಳೆದು ನೋಡಿದಾಗ ಪಟ್ಟಿ ತಲೆಕೆಳಗಾಯಿತು. ಆ ಲೆಕ್ಕಾಚಾರ ನಡೆದ ಬಗೆಯನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ.

ಮೊದಲಿಗೆ ಪರದೆ. ಅವರ ಬಳಿ ಇದ್ದದ್ದು 27 ಇಂಚಿನ, 1440ಪಿ ರೆಸಲ್ಯೂಷನ್ನಿನ, 165 ಹರ್ಟ್ಸ್ ಮಾನಿಟರ್. ಅದರಲ್ಲಿರುವುದು ಸುಮಾರು 36.9 ಲಕ್ಷ ಪಿಕ್ಸೆಲ್. 4ಕೆ ಪರದೆಯಲ್ಲಿ 82.9 ಲಕ್ಷ, ಅಂದರೆ ಎರಡೂಕಾಲು ಪಟ್ಟು. 5090ರ ವಿಶೇಷ ಶಕ್ತಿ ಹೊರಬರುವುದು 4ಕೆಯಲ್ಲಿ. 1440ಪಿಯಲ್ಲಿ ಎಷ್ಟೋ ಆಟಗಳಲ್ಲಿ ಪ್ರೊಸೆಸರ್ ಸಿದ್ಧಪಡಿಸಿಕೊಡುವ ಫ್ರೇಮ್‌ಗಳಿಗಾಗಿ (ಪರದೆಯಲ್ಲಿ ಒಂದರ ಹಿಂದೊಂದು ಮೂಡುವ ಚಿತ್ರಗಳಿಗಾಗಿ) ಕಾರ್ಡೇ ಕಾಯುತ್ತ ಕೂರುತ್ತದೆ, ಇಲ್ಲವೇ ಪರದೆ ತೋರಿಸಲಾರದಷ್ಟು ಫ್ರೇಮ್‌ಗಳನ್ನು ಬಿಡಿಸಿ ವ್ಯರ್ಥ ಮಾಡುತ್ತದೆ. ಎರಡೂವರೆ ಲಕ್ಷದ ಕಾರ್ಡಿನ ಮುಂದೆ ಹಳೆಯ 1440ಪಿ ಮಾನಿಟರ್ ಇಡುವ ಯೋಜನೆಯನ್ನು ನಾನು ನೋಡುತ್ತಿದ್ದುದು ಇದೇ ಮೊದಲೂ ಅಲ್ಲ. ಜನ ಕಾರ್ಡಿನ ಬೆಂಚ್‌ಮಾರ್ಕ್ ಚಾರ್ಟನ್ನು ಸಾಲು ಸಾಲಾಗಿ ಓದಿರುತ್ತಾರೆ, ಆದರೆ ದಿನವಿಡೀ ತಾವು ಕಣ್ಣಿಟ್ಟು ನೋಡುವ ವಸ್ತುವಿನ ಆಯ್ಕೆಯನ್ನು ಮುಂದಿನ ವರ್ಷಕ್ಕೆ ತಳ್ಳಿರುತ್ತಾರೆ.

ಅವರು ಮುಖ್ಯವಾಗಿ ಆಡುತ್ತಿದ್ದ ಆಟಗಳು ಎರಡು: ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಮತ್ತು ಸೈಬರ್‌ಪಂಕ್ 2077. ಬಿಡುವಿನಲ್ಲಿ ಗೆಳೆಯರೊಡನೆ ಕೌಂಟರ್-ಸ್ಟ್ರೈಕ್ 2. ಇವುಗಳ ಜೊತೆಗೆ ವಾರಾಂತ್ಯದಲ್ಲಿ ಬ್ಲೆಂಡರ್ ಎಂಬ 3ಡಿ ಅನಿಮೇಷನ್ ತಂತ್ರಾಂಶದಲ್ಲಿ ಸ್ವಂತ ಕೆಲಸ. 5090ರ ಪರವಾಗಿ ಅವರು ಮುಂದಿಟ್ಟ ಗಟ್ಟಿ ವಾದವೆಂದರೆ ಈ ಬ್ಲೆಂಡರ್ ಕೆಲಸವೇ, ಮತ್ತು ಅದು ತಳ್ಳಿಹಾಕುವಂಥದ್ದಾಗಿರಲಿಲ್ಲ. ಬ್ಲೆಂಡರಿನ ಸೈಕಲ್ಸ್ ರೆಂಡರ್ ಎಂಜಿನ್ನಿನಲ್ಲಿ (ದೃಶ್ಯವನ್ನು ಅಂತಿಮ ಚಿತ್ರವಾಗಿ ಬಿಡಿಸುವ ಭಾಗದಲ್ಲಿ) ದೃಶ್ಯವೊಂದರ ಮಾಡೆಲ್‌ಗಳೂ ಟೆಕ್ಸ್ಚರ್‌ಗಳೂ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ಕಂಪ್ಯೂಟರಿನ ಮುಖ್ಯ ಮೆಮೊರಿಯ ಮೊರೆ ಹೋಗಿ ರೆಂಡರ್ ತೆವಳತೊಡಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. 16 ಜಿಬಿಗೂ 32 ಜಿಬಿಗೂ ಇರುವ ಅಂತರ ಇಲ್ಲಿ ನಿಜವಾದದ್ದು. ಹಾಗಾಗಿ ಊಹೆ ಬಿಟ್ಟು, ಅವರು ಅದುವರೆಗೆ ಮಾಡಿದ್ದ ಅತಿ ಭಾರದ ದೃಶ್ಯವನ್ನು ತೆರೆದು ರೆಂಡರ್‌ಗೆ ಹಾಕಿ, ಬ್ಲೆಂಡರ್ ತಾನೇ ತೋರಿಸುವ ಗರಿಷ್ಠ ಮೆಮೊರಿ ಬಳಕೆಯನ್ನು ನೋಡಿದೆವು. ಅದು 11 ಜಿಬಿಯ ಆಸುಪಾಸಿನಲ್ಲಿ ನಿಂತಿತು. ಇದಕ್ಕಿಂತ ದೊಡ್ಡ ದೃಶ್ಯಗಳು ಬರುವುದು ಸ್ಟುಡಿಯೊ ಕೆಲಸದಲ್ಲಿ, ಅವುಗಳನ್ನು ಮನೆಗೆ ತರುವಂತೆಯೇ ಇಲ್ಲ ಎಂದು ಅವರೇ ಹೇಳಿದರು. 16 ಜಿಬಿ ಸಾಕು ಎಂಬ ತೀರ್ಮಾನ ಅಲ್ಲಿಗೆ ಅರ್ಧ ಆದಂತಾಯಿತು. ಅದೇ ದೃಶ್ಯ 20 ಜಿಬಿ ಕೇಳಿದ್ದರೆ ಈ ಬರಹದ ಉಳಿದ ಭಾಗ ಬೇರೆಯಾಗಿರುತ್ತಿತ್ತು.

ಇನ್ನರ್ಧ ತೀರ್ಮಾನ ವಿದ್ಯುತ್ತಿನದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕರೆಂಟ್ ಹೋದರೆ ಜನರೇಟರ್ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಪ್ರತಿ ಫ್ಲಾಟಿಗೆ ಜನರೇಟರಿನಿಂದ ಎಷ್ಟು ಹೊರೆ ಮಂಜೂರಾಗಿದೆ ಎಂಬುದನ್ನು ಹೆಚ್ಚಿನವರು ವಿಚಾರಿಸಿರುವುದಿಲ್ಲ. ಇವರ ಕಟ್ಟಡದಲ್ಲಿ ಆ ಮಿತಿ ಫ್ಲಾಟಿಗೆ 1 ಕೆವಿಎ, ಅಂದರೆ ಹೆಚ್ಚೆಂದರೆ 1,000 ವ್ಯಾಟ್. ಮಿತಿ ಮೀರಿದ ಕೂಡಲೇ ಮೀಟರ್ ತಾನಾಗಿಯೇ ಸರಬರಾಜು ಕಡಿಯುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡುತ್ತದೆ, ಹೊರೆ ಇಳಿಯದಿದ್ದರೆ ಮತ್ತೆ ಕಡಿಯುತ್ತದೆ. ಒಮ್ಮೆ ಇಸ್ತ್ರಿ ಪೆಟ್ಟಿಗೆ ಹಚ್ಚಿದ್ದಾಗ ಇಡೀ ಮನೆ ಕತ್ತಲಾದದ್ದನ್ನು ಅವರ ತಾಯಿ ನೆನಪಿಸಿಕೊಂಡರು.

ಲೆಕ್ಕ ಹಾಕೋಣ. 5090 ಕಾರ್ಡಿನ ಘೋಷಿತ ವಿದ್ಯುತ್ ಬಳಕೆ 575 ವ್ಯಾಟ್. ಆಟದ ಸಮಯದಲ್ಲಿ ಪ್ರೊಸೆಸರಿಗೆ 80, ಮದರ್‌ಬೋರ್ಡ್, ಮೆಮೊರಿ, ಫ್ಯಾನು, ಎಸ್‌ಎಸ್‌ಡಿಗಳಿಗೆ ಒಟ್ಟು 70 ಎಂದು ಹಿಡಿದರೆ 725 ವ್ಯಾಟ್. ಪವರ್ ಸಪ್ಲೈಯ ದಕ್ಷತೆ ಶೇ 92 ಎಂದುಕೊಂಡರೂ ಗೋಡೆಯಿಂದ ಎಳೆಯುವುದು ಸುಮಾರು 790 ವ್ಯಾಟ್. ಮಾನಿಟರಿಗೆ 70 ಸೇರಿಸಿದರೆ 860. ಫ್ರಿಜ್ಜಿನ ಕಂಪ್ರೆಸರ್, ಎರಡು ಫ್ಯಾನು, ದೀಪ, ರೂಟರ್ ಸೇರಿದರೆ 1 ಕೆವಿಎ ದಾಟುವುದು ಖಚಿತ. 360 ವ್ಯಾಟಿನ ಆರ್‌ಟಿಎಕ್ಸ್ 5080 ಹಾಕಿದರೆ ಇದೇ ಲೆಕ್ಕ 625ಕ್ಕೆ ಬರುತ್ತದೆ, 300 ವ್ಯಾಟಿನ 5070 ಟಿಐ ಹಾಕಿದರೆ 560ಕ್ಕೆ. 5090ರ ಪವರ್ ಲಿಮಿಟ್ಟನ್ನು ಶೇ 70ಕ್ಕೆ ಇಳಿಸಿ ಸುಮಾರು 400 ವ್ಯಾಟಿನಲ್ಲಿ ಓಡಿಸುವ ದಾರಿಯೂ ಇದೆ, ಮತ್ತು ಹಾಗೆ ಮಾಡಿದಾಗ ವೇಗ ಅದೇ ಪ್ರಮಾಣದಲ್ಲಿ ಕುಸಿಯುವುದಿಲ್ಲ. ಆದರೆ ಎರಡೂವರೆ ಲಕ್ಷ ಕೊಟ್ಟು ತಂದದ್ದನ್ನು ಮೊದಲ ದಿನದಿಂದಲೇ ಕಟ್ಟಿಹಾಕಿ ನಡೆಸಬೇಕೆನ್ನುವುದು ಅವರಿಗೂ ರುಚಿಸಲಿಲ್ಲ.

ಯುಪಿಎಸ್ ಇಲ್ಲದೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. ಕರೆಂಟ್ ಹೋಗಿ ಜನರೇಟರ್ ಹೊತ್ತಿಕೊಂಡು ಲೈನಿಗೆ ಬರುವಷ್ಟರಲ್ಲಿ ಕೆಲವು ಸೆಕೆಂಡುಗಳಾದರೂ ಕಳೆಯುತ್ತವೆ. ರೆಂಡರ್ ಮಧ್ಯೆ ಕಂಪ್ಯೂಟರ್ ಸತ್ತುಹೋಗಲು ಅಷ್ಟು ಹೊತ್ತು ಬೇಕೇ ಆಗಿಲ್ಲ. ಭಾರತದ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಒಂದು ಪೂರ್ಣ ಆವರ್ತನಕ್ಕೆ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಎಟಿಎಕ್ಸ್ 3.1 ಮಾನದಂಡದ ಪವರ್ ಸಪ್ಲೈ ಪೂರ್ಣ ಹೊರೆಯಲ್ಲಿ, ಒಳಬರುವ ವಿದ್ಯುತ್ ಇಲ್ಲದೆ, ತನ್ನ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದಲೇ 12 ಮಿಲಿಸೆಕೆಂಡ್ ತಡೆದುಕೊಂಡರೆ ಸಾಕು. ಲೈನ್-ಇಂಟರಾಕ್ಟಿವ್ ಯುಪಿಎಸ್‌ಗಳು ಸಾಮಾನ್ಯವಾಗಿ ಹತ್ತು ಮಿಲಿಸೆಕೆಂಡಿನೊಳಗೆ ಬ್ಯಾಟರಿಗೆ ಬದಲಾಗುವುದರಿಂದ ಅವು ಹೊಂದುತ್ತವೆ. ಮನೆಯ ಇನ್ವರ್ಟರ್‌ಗಳು ಮಾಮೂಲಿ ಮೋಡಿನಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ದೀಪ ಮಿಣುಕಿದ್ದು ನಮಗೆ ಗೊತ್ತಾಗುವುದರೊಳಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ. ಇಂದಿನ ಒಳ್ಳೆಯ ಪವರ್ ಸಪ್ಲೈಗಳಲ್ಲಿ ಆಕ್ಟಿವ್ ಪಿಎಫ್‌ಸಿ (ವಿದ್ಯುತ್ತನ್ನು ಅಲೆಯ ಆಕಾರಕ್ಕೆ ತಕ್ಕಂತೆ ಎಳೆಯುವ ಸರ್ಕ್ಯೂಟ್) ಇರುವುದರಿಂದ ಶುದ್ಧ ಸೈನ್ ವೇವ್ ಕೊಡುವ ಯುಪಿಎಸ್ಸೇ ಕ್ಷೇಮ, ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಅಗ್ಗದ ಮಾದರಿಗಳ ಮೇಲೆ ಅವು ಕೆಲವೊಮ್ಮೆ ಆಫ್ ಆಗಿಬಿಡುತ್ತವೆ.

ಯುಪಿಎಸ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವುದು ವಿಎ (ವೋಲ್ಟ್-ಆಂಪಿಯರ್). ನಮಗೆ ಬೇಕಾದ ವ್ಯಾಟ್ ಸಣ್ಣಕ್ಷರದಲ್ಲಿರುತ್ತದೆ. ನಾವು ಆರಿಸಿದ 1500 ವಿಎ ಯುಪಿಎಸ್ಸಿನ ನಿಜವಾದ ಸಾಮರ್ಥ್ಯ 900 ವ್ಯಾಟ್. 560 ವ್ಯಾಟಿನ ವ್ಯವಸ್ಥೆಗೆ ಇದು ನಿರಾಳ, 860 ವ್ಯಾಟಿನದಕ್ಕೆ ಉಸಿರುಗಟ್ಟುವಷ್ಟು ಬಿಗಿ. ಅದರೊಳಗಿನ ಎರಡು 12 ವೋಲ್ಟ್, 9 ಆಂಪಿಯರ್-ಅವರ್ ಬ್ಯಾಟರಿಗಳಲ್ಲಿ ಕಾಗದದ ಮೇಲೆ 216 ವ್ಯಾಟ್-ಅವರ್ ಶಕ್ತಿ ಇದೆ. ಇಷ್ಟು ಭಾರಿ ಹೊರೆಯಲ್ಲಿ ಸೀಸದ ಬ್ಯಾಟರಿ ಅದರ ಅರ್ಧದಷ್ಟನ್ನು ಕೊಟ್ಟರೆ ದೊಡ್ಡದು. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಆಡುವ ಆಸೆ ಇಟ್ಟುಕೊಳ್ಳುವಂತಿಲ್ಲ. ಜನರೇಟರ್ ಬರುವವರೆಗೆ ದಾಟಿಸುವುದಷ್ಟೇ ಅದರ ಕೆಲಸ.

ಸಾಕೆಟ್ ಪರೀಕ್ಷಿಸುವಾಗ ಇನ್ನೊಂದು ಸಂಗತಿ ಬಯಲಾಯಿತು. ಹಳೆಯ ಕಂಪ್ಯೂಟರಿನ ಹಿಂಬದಿಯ ಲೋಹವನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂದು ಅವರು ಮಾತಿನ ಮಧ್ಯೆ ಹೇಳಿದ್ದರು. ಎಲ್ಲ ಕಂಪ್ಯೂಟರುಗಳೂ ಹಾಗೆಯೇ ಎಂದು ಭಾವಿಸಿದ್ದರು. ಮಲ್ಟಿಮೀಟರ್ ಹಿಡಿದು ನೋಡಿದರೆ ಫೇಸ್ ಮತ್ತು ನ್ಯೂಟ್ರಲ್ ನಡುವೆ 236 ವೋಲ್ಟ್ ಸರಿಯಾಗಿಯೇ ಇತ್ತು, ಆದರೆ ಫೇಸ್ ಮತ್ತು ಅರ್ತ್ ನಡುವಿನ ಅಂಕಿ ಒಂದು ಕಡೆ ನಿಲ್ಲದೆ ಅಲೆದಾಡುತ್ತಿತ್ತು. ಅರ್ತ್ ತಂತಿ ಎಲ್ಲೋ ಬಿಟ್ಟಿದೆ ಎಂಬುದರ ಲಕ್ಷಣ ಇದು. ಪವರ್ ಸಪ್ಲೈಯ ಒಳಗೆ ವಿದ್ಯುತ್ ಗದ್ದಲವನ್ನು ತಡೆಯುವ ಫಿಲ್ಟರಿನ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿನ ಲೋಹಕ್ಕೆ ಜೋಡಣೆಯಾಗಿರುತ್ತವೆ; ಅರ್ತ್ ಇಲ್ಲದಾಗ ಆ ಲೋಹ ಮುಖ್ಯ ವೋಲ್ಟೇಜಿನ ಅರ್ಧದಲ್ಲಿ, ಅಂದರೆ 115 ವೋಲ್ಟಿನ ಸುತ್ತ ತೇಲುತ್ತದೆ. ಹರಿಯುವ ಕರೆಂಟ್ ಅತ್ಯಲ್ಪವಾದ್ದರಿಂದ ಸಾಮಾನ್ಯವಾಗಿ ಜುಮ್ಮೆನ್ನುವುದರಲ್ಲೇ ಮುಗಿಯುತ್ತದೆ, ಆದರೆ ಪವರ್ ಸಪ್ಲೈಯೊಳಗೆ ದೋಷವೇನಾದರೂ ಕಾಣಿಸಿಕೊಂಡರೆ ಮನುಷ್ಯನನ್ನು ಕಾಯಲು ಏನೂ ಉಳಿದಿರುವುದಿಲ್ಲ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿದಾಗ ಅರ್ತ್ ತಂತಿ ಸ್ಕ್ರೂವಿನಿಂದ ಕಳಚಿ ಡಬ್ಬದೊಳಗೆ ಜೋತುಬಿದ್ದಿತ್ತು. ಅದನ್ನು ಬಿಗಿದ ಮೇಲೆ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಎರಡಕ್ಕಿಂತ ಕೆಳಗಿಳಿಯಿತು. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಹಣಕ್ಕೆ ಆದ ಅತಿ ದೊಡ್ಡ ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

ಸೆಖೆಯ ಮಾತು ಚಿಕ್ಕದು. ಕಂಪ್ಯೂಟರ್ ಎಳೆದ ಪ್ರತಿಯೊಂದು ವ್ಯಾಟೂ ಕೊನೆಗೆ ಕೋಣೆಯ ಶಾಖವಾಗುತ್ತದೆ. ಅವರದು ಪಶ್ಚಿಮಕ್ಕೆ ಮುಖ ಮಾಡಿದ, ಎಸಿ ಇಲ್ಲದ, ಹತ್ತು ಅಡಿಗೆ ಹನ್ನೊಂದು ಅಡಿಯ ಕೋಣೆ. ಒಂದು ಟನ್ನಿನ ಎಸಿ ಹೊರಹಾಕಬಲ್ಲ ಶಾಖ ಸುಮಾರು 3,500 ವ್ಯಾಟ್ ಎಂದುಕೊಂಡರೆ, 860 ವ್ಯಾಟ್ ಎಂಬುದು ಅದರ ಕಾಲು ಭಾಗವನ್ನು ನುಂಗುವಷ್ಟು. ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬಹುದು: ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಹತ್ತಿರ ಹತ್ತಿರ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ, ಅಷ್ಟರಮಟ್ಟಿಗೆ ಫ್ಯಾನುಗಳು ಸಾಗಿಸುವ ಶಾಖವೂ ಕಡಿಮೆ. ಸಮುದ್ರತೀರದ ಊರಿನ ಎಸಿ ಕೋಣೆಯಲ್ಲಿ ಅಳೆದ ಉಷ್ಣಾಂಶವನ್ನು ಇಲ್ಲಿನ ಏಪ್ರಿಲ್ ಮಧ್ಯಾಹ್ನಕ್ಕೆ ಹಾಗೆಯೇ ಅನ್ವಯಿಸಲಾಗದು.

ಮನೆಯ ಯಜಮಾನರು ಎತ್ತಿದ ಪ್ರಶ್ನೆ ಗೃಹಜ್ಯೋತಿಯದು. 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ ಬರುತ್ತಿರುವ ಮನೆ ಅದು. ಹಿಂದಿನ ಸರಾಸರಿಯ ಮೇಲೆ ಶೇ 10 ಸೇರಿಸಿ ಅವರಿಗೆ ನಿಗದಿಯಾದದ್ದು 143 ಯೂನಿಟ್; ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ, 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು. ದಿನಕ್ಕೆ ಮೂರು ಗಂಟೆ ಆಡಿದರೆ 560 ವ್ಯಾಟಿನ ವ್ಯವಸ್ಥೆ ತಿಂಗಳಿಗೆ 50 ಯೂನಿಟ್ ಸೇರಿಸುತ್ತದೆ, 860 ವ್ಯಾಟಿನದು 77. ಮನೆಯ ಈಗಿನ ಬಳಕೆ 125ರ ಹತ್ತಿರ ಇದ್ದುದರಿಂದ ಮೊದಲನೆಯದರಲ್ಲಿ 200ರೊಳಗೆ ಉಳಿಯುವ ಅವಕಾಶ ಇತ್ತು, ಎರಡನೆಯದರಲ್ಲಿ ಅದು ತೀರಾ ಅನುಮಾನ. ನಾಲ್ಕು ಲಕ್ಷ ಖರ್ಚು ಮಾಡುವ ಮನೆಗೆ ತಿಂಗಳಿಗೆ ಸಾವಿರ ಚಿಲ್ಲರೆ ರೂಪಾಯಿ ಒಂದು ಲೆಕ್ಕವೇ ಎಂದು ಓದುಗರು ಕೇಳಬಹುದು. ನಾಲ್ಕು ಲಕ್ಷ ಮಗನದು, ಕರೆಂಟ್ ಬಿಲ್ ತಂದೆಯದು. ಲೆಕ್ಕ ಬೇರೆ ಬೇರೆ.

ಇಷ್ಟಾದ ಮೇಲೆ ಕಾರ್ಡಿನ ಆಯ್ಕೆ ಮೂರಕ್ಕೆ ಇಳಿಯಿತು. ಆರ್‌ಟಿಎಕ್ಸ್ 5080 ಮತ್ತು 5070 ಟಿಐ ಎರಡೂ ಒಂದೇ ಜಿಬಿ203 ಚಿಪ್ಪಿನಿಂದ ಬಂದವು. ಎರಡರಲ್ಲೂ 16 ಜಿಬಿ ಜಿಡಿಡಿಆರ್7, ಎರಡಕ್ಕೂ 256 ಬಿಟ್ ಮೆಮೊರಿ ಹಾದಿ. 5080ರಲ್ಲಿ 10,752 ಸಿಯುಡಿಎ (CUDA) ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಇದ್ದರೆ 5070 ಟಿಐನಲ್ಲಿ 8,960, ಅಂದರೆ ಮೊದಲನೆಯದರಲ್ಲಿ ಶೇ 20 ಹೆಚ್ಚು. ಮೆಮೊರಿ ವೇಗ ಸೆಕೆಂಡಿಗೆ 960 ಜಿಬಿ ಮತ್ತು 896 ಜಿಬಿ, ಅಂದರೆ ಶೇ 7ರ ವ್ಯತ್ಯಾಸ. ಭಾರತದಲ್ಲಿ ಘೋಷಿತ ಬೆಲೆಗಳು ಕ್ರಮವಾಗಿ 1,07,000 ಮತ್ತು 80,000. ಮೂರನೆಯ ಒಂದು ಭಾಗ ಹೆಚ್ಚು ಹಣ ಕೊಟ್ಟು ಐದನೆಯ ಒಂದು ಭಾಗ ಹೆಚ್ಚು ಕೋರ್ ಪಡೆಯುವ ವ್ಯಾಪಾರ ಇದು, ಆಟದೊಳಗಿನ ವ್ಯತ್ಯಾಸ ಅದಕ್ಕಿಂತಲೂ ಕಡಿಮೆ. ಮೆಮೊರಿ 24 ಜಿಬಿ ಇದ್ದಿದ್ದರೆ 5080ರ ಪರವಾಗಿ ನಾನೇ ವಾದಿಸುತ್ತಿದ್ದೆ; ಅದೇ 16 ಜಿಬಿಗೆ ಹೆಚ್ಚಿನ ಹಣ ಕೊಡಿಸಲು ಮನಸ್ಸಾಗಲಿಲ್ಲ.

ಮೂರನೆಯದು ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ. 2025ರ ಮಾರ್ಚ್‌ನಲ್ಲಿ ಬಂದ ಇದಕ್ಕೂ 16 ಜಿಬಿ ಮೆಮೊರಿ ಇದೆ, ವಿದ್ಯುತ್ ಬಳಕೆ 304 ವ್ಯಾಟ್, ಅಮೆರಿಕದ ಘೋಷಿತ ಬೆಲೆ 599 ಡಾಲರ್. 5070 ಟಿಐಗೆ 749. ಸಾಮಾನ್ಯ ಆಟಗಳಲ್ಲಿ ಇವೆರಡರ ವೇಗ ಹತ್ತಿರ ಹತ್ತಿರ. ಆಟವೊಂದೇ ಗುರಿಯಾಗಿದ್ದರೆ ಈ ಕಾರ್ಡನ್ನೇ ಕೊಳ್ಳಿ ಎನ್ನುತ್ತಿದ್ದೆ. ಆದರೆ ಬ್ಲೆಂಡರ್ ಸೈಕಲ್ಸ್‌ನಲ್ಲಿ ಕಾರ್ಡಿನಿಂದ ರೆಂಡರ್ ಮಾಡಿಸುವ ಎನ್‌ವಿಡಿಯಾದ ತಂತ್ರಾಂಶ ಆಪ್ಟಿಎಕ್ಸ್, ಎಎಂಡಿಯ ತಂತ್ರಾಂಶ ಹಿಪ್‌ಗಿಂತ ಸ್ಪಷ್ಟವಾಗಿ ಮುಂದಿದೆ, ಸೈಬರ್‌ಪಂಕ್‌ನ ಪಾತ್ ಟ್ರೇಸಿಂಗ್‌ನಲ್ಲಿಯೂ (ಬೆಳಕಿನ ಕಿರಣಗಳ ಹಾದಿ ಲೆಕ್ಕ ಹಾಕಿ ಚಿತ್ರ ಬಿಡಿಸುವ ವಿಧಾನ) ಹಾಗೆಯೇ. ಇವರ ಎರಡು ಮುಖ್ಯ ಉಪಯೋಗಗಳೂ ಅಲ್ಲಿಯೇ ಇದ್ದವು. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 4090 ಕೊಳ್ಳುವ ಮಾತೂ ಬಂದಿತ್ತು. 24 ಜಿಬಿ ಆಕರ್ಷಕವೇ ಆದರೂ 450 ವ್ಯಾಟ್ ಮತ್ತು ಕೈ ಬದಲಾದ ವಾರಂಟಿ, ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ಕಷ್ಟ.

ಕಾರ್ಡಿನಲ್ಲಿ ಉಳಿಯುವ ಹಣದಿಂದ 4ಕೆ ಮಾನಿಟರ್ ಕೊಳ್ಳುವ ಯೋಚನೆ ಬಂದಾಗ, ಆ ಪರದೆಗೆ 5070 ಟಿಐ ಸಾಲುತ್ತದೆಯೇ ಎಂಬ ಅವರ ಅನುಮಾನ ಸಹಜವಾದದ್ದು. ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಎಐಯಿಂದ ಹಿಗ್ಗಿಸುವ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ತಂತ್ರದ ಕ್ವಾಲಿಟಿ ಮೋಡಿನಲ್ಲಿ 4ಕೆ ಚಿತ್ರವನ್ನು ಕಾರ್ಡ್ ಒಳಗೆ ಬಿಡಿಸುವುದು 1440ಪಿಯಲ್ಲಿ, ಪರ್ಫಾರ್ಮೆನ್ಸ್ ಮೋಡಿನಲ್ಲಿ 1080ಪಿಯಲ್ಲಿ. ಆಮೇಲೆ ಅದನ್ನು ಹಿಗ್ಗಿಸುತ್ತದೆ. 50 ಸರಣಿಯೊಂದಿಗೆ ಬಂದ ಹೊಸ ಟ್ರಾನ್ಸ್‌ಫಾರ್ಮರ್ ಮಾದರಿಯಲ್ಲಿ ಈ ಹಿಗ್ಗಿಸುವಿಕೆಯ ಗುಣಮಟ್ಟ 32 ಇಂಚಿನ ಪರದೆಯಲ್ಲಿ ಒಪ್ಪುವಂತೆಯೇ ಇದೆ. ಇದರೊಂದಿಗೆ ಮಾರುವ ಮಲ್ಟಿ ಫ್ರೇಮ್ ಜನರೇಷನ್ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ಒಂದು ನಿಜವಾದ ಫ್ರೇಮಿಗೆ ಮೂರು ಹುಟ್ಟಿಸಿದ ಫ್ರೇಮ್ ಸೇರಿಸಿ 160 ಎಂದು ತೋರಿಸಿದರೂ ಕೈಯ ಚಲನೆಗೆ ಆಟ ಪ್ರತಿಕ್ರಿಯಿಸುವುದು ಮೂಲದ 40 ಫ್ರೇಮಿನ ಲೆಕ್ಕದಲ್ಲಿಯೇ. ಮೂಲ ವೇಗ 60 ಇದ್ದಾಗ ಅದು ಸೊಗಸು, 30 ಇದ್ದಾಗ ಬರೀ ಅಂಕಿಯ ಆಟ.

ಕನೆಕ್ಟರ್ ವಿಷಯವೂ ಇದೇ ಕಡೆಗೆ ವಾಲಿತು. ಕಾರ್ಡಿಗೆ ವಿದ್ಯುತ್ ಕೊಡುವ 12ವಿ-2ಎಕ್ಸ್6 ಕನೆಕ್ಟರಿನಲ್ಲಿ 12 ವೋಲ್ಟ್ ಸಾಗಿಸುವ ಪಿನ್ನುಗಳು ಆರು. 575 ವ್ಯಾಟ್ ಎಂದರೆ 48 ಆಂಪಿಯರ್, ಪಿನ್ನಿಗೆ 8. ಪ್ರತಿ ಪಿನ್ನಿನ ಮಿತಿ 9 ಆಂಪಿಯರಿಗಿಂತ ತುಸುವೇ ಹೆಚ್ಚು. ಆರೂ ಪಿನ್ನುಗಳು ಸಮನಾಗಿ ಹಂಚಿಕೊಂಡಾಗಿನ ಮಾತು ಇದು. ಒಂದೆರಡು ಸರಿಯಾಗಿ ಕೂರದಿದ್ದರೆ ಉಳಿದವು ಮಿತಿ ಮೀರಿ ಬಿಸಿಯಾಗುತ್ತವೆ. 4090ರ ಕಾಲದಿಂದ ಕಂಡುಬಂದ ಕರಗಿದ ಕನೆಕ್ಟರುಗಳ ಹಿಂದಿನ ಅಂಕಗಣಿತ ಇಷ್ಟೇ. 300 ವ್ಯಾಟಿನಲ್ಲಿ ಪಿನ್ನಿಗೆ ನಾಲ್ಕು ಆಂಪಿಯರ್ ಚಿಲ್ಲರೆ, ತಪ್ಪಿಗೆ ಅವಕಾಶ ಇಮ್ಮಡಿ.

ಉಳಿದ ಭಾಗಗಳ ಬಗ್ಗೆ ಹೆಚ್ಚು ಚರ್ಚೆ ನಡೆಯಲಿಲ್ಲ, ಎರಡನ್ನು ಬಿಟ್ಟು. ಮೊದಲನೆಯದು ಪ್ರೊಸೆಸರ್. ಅಂಗಡಿಯೊಂದು ಅವರಿಗೆ ಕೋರ್ ಐ9-14900ಕೆ ಅನ್ನು ಒಳ್ಳೆಯ ರಿಯಾಯಿತಿಯಲ್ಲಿ ಕೊಡಲು ಮುಂದಾಗಿತ್ತು. 13 ಮತ್ತು 14ನೆಯ ಪೀಳಿಗೆಯ ಇಂಟೆಲ್ ಚಿಪ್ಪುಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಉಂಟಾದ ಅಸ್ಥಿರತೆಗೆ ಕಂಪನಿ 2024ರ ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಚಿಪ್ಪಿನೊಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟು ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತ್ತು. ಆದರೂ ಅದರ ಶಾಖ, ವಿದ್ಯುತ್ ಹಸಿವು ನಮ್ಮ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಫ್ಲೈಟ್ ಸಿಮ್ಯುಲೇಟರ್ ದೊಡ್ಡ ಕ್ಯಾಶೆಯಿಂದ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಬಹಳ ಲಾಭ ಪಡೆಯುವ ಆಟವಾದ್ದರಿಂದ 96 ಎಂಬಿ ಎಲ್3 ಕ್ಯಾಶೆಯ ಎಎಂಡಿ ರೈಜನ್ 7 9800ಎಕ್ಸ್3ಡಿ ನಿಶ್ಚಯವಾಯಿತು. ಎಂಟು ಕೋರ್ ಬ್ಲೆಂಡರಿಗೆ ಕಡಿಮೆಯಲ್ಲವೇ ಎಂದರೆ, ರೆಂಡರ್ ನಡೆಯುವುದು ಕಾರ್ಡಿನಲ್ಲಿ.

ಎರಡನೆಯದು ಮೆಮೊರಿ. ಸದ್ಯಕ್ಕೆ 16 ಜಿಬಿಯ ಎರಡು ಸ್ಟಿಕ್ ಹಾಕಿ, ಬೇಕಾದಾಗ ಇನ್ನೆರಡು ಸೇರಿಸುವುದು ಅವರ ಯೋಚನೆ. ಈ ಪ್ರೊಸೆಸರ್ ಕೂರುವ ಎಎಂ5 ವೇದಿಕೆಯಲ್ಲಿ ಇದು ನಡೆಯುವುದಿಲ್ಲವೆಂದಲ್ಲ, ಆದರೆ ಎರಡು ಸ್ಟಿಕ್ಕಿಗೆ 5600 ಎಂದಿರುವ ಎಎಂಡಿಯ ಅಧಿಕೃತ ವೇಗದ ಮಿತಿ ನಾಲ್ಕು ಸ್ಟಿಕ್ಕಿಗೆ 3600ಕ್ಕೆ ಇಳಿಯುತ್ತದೆ. ಅದೃಷ್ಟವಿದ್ದರೆ ಹೆಚ್ಚು ಓಡೀತು, ಇಲ್ಲದಿದ್ದರೆ ಇಲ್ಲ. ಫ್ಲೈಟ್ ಸಿಮ್ಯುಲೇಟರ್ ತನ್ನ ಆದರ್ಶ ಸಂರಚನೆಯಲ್ಲಿ 64 ಜಿಬಿ ಕೇಳುವುದರಿಂದ 32 ಜಿಬಿಯ ಎರಡು ಸ್ಟಿಕ್ಕನ್ನೇ, ಡಿಡಿಆರ್5-6000, ಸಿಎಲ್30 ಅನ್ನು ಕೊಂಡೆವು. ಅದೇ ವರ್ಷದ ಕೊನೆಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಬೆಲೆ ಗಗನಕ್ಕೇರಿ, ಡಿಸೆಂಬರಿನಲ್ಲಿ ಮೆಮೊರಿ ತಯಾರಕ ಮೈಕ್ರಾನ್ ತನ್ನ ಕ್ರೂಶಿಯಲ್ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಏಪ್ರಿಲ್‌ನಲ್ಲಿ ನಮಗಾರಿಗೂ ಅದರ ಸುಳಿವಿರಲಿಲ್ಲ.

ಬಿ850 ಮದರ್‌ಬೋರ್ಡ್, 2 ಟಿಬಿ ಜೆನ್4 ಎಸ್‌ಎಸ್‌ಡಿ, ಎರಡು ಗೋಪುರದ ಏರ್ ಕೂಲರ್, 850 ವ್ಯಾಟಿನ ಎಟಿಎಕ್ಸ್ 3.1 ಪವರ್ ಸಪ್ಲೈ. ಜೆನ್5 ಎಸ್‌ಎಸ್‌ಡಿಗೆ ಹಣ ಸುರಿಯಲಿಲ್ಲ. ಕೆಲವು ಬೋರ್ಡುಗಳಲ್ಲಿ ಎರಡನೆಯ ಜೆನ್5 ಸ್ಲಾಟ್ ತುಂಬಿದರೆ ಗ್ರಾಫಿಕ್ಸ್ ಕಾರ್ಡಿನ 16 ಲೇನುಗಳು (ಮಾಹಿತಿ ಸಾಗುವ ಹಾದಿಗಳು) ಎಂಟಕ್ಕೆ ಇಳಿಯುತ್ತವೆ ಎಂಬುದನ್ನು ಮ್ಯಾನುಯಲ್‌ನಲ್ಲಿ ಓದಿಕೊಳ್ಳುವುದು ಒಳ್ಳೆಯದು. ಕ್ಯಾಬಿನೆಟ್ ವಿಷಯದಲ್ಲಿ ಅವರಿಗೆ ಮೂರು ಕಡೆ ಗಾಜಿನ, ಮೀನಿನ ತೊಟ್ಟಿಯಂಥದ್ದರ ಮೇಲೆ ಮನಸ್ಸಿತ್ತು. ಮುಂಭಾಗ ಜಾಲರಿಯಿರುವ, ಧೂಳಿನ ಫಿಲ್ಟರ್ ತೆಗೆದು ತೊಳೆಯಬಹುದಾದ ಸಾಮಾನ್ಯ ಪೆಟ್ಟಿಗೆಗೆ ಅವರನ್ನು ಒಪ್ಪಿಸಲು ಕಿಟಕಿಯ ಅಂಚಿನ ಮೇಲೆ ಕೂತಿದ್ದ ಧೂಳನ್ನು ಬೆರಳಿಂದ ಗೀರಿ ತೋರಿಸಿದ್ದೇ ಸಾಕಾಯಿತು.

ಖರೀದಿ ಟೌನ್ ಹಾಲ್ ಬಳಿಯ ಎಸ್.ಪಿ. ರೋಡಿನಲ್ಲಿ. ಅಲ್ಲಿ ಮೊದಲ ಮಾತೇ ‘ಬಿಲ್ ಬೇಕಾ, ಬಿಲ್ ಇಲ್ದೇನಾ’ ಎಂಬುದು. ಶೇ 18 ಜಿಎಸ್‌ಟಿ ಉಳಿಯುತ್ತದೆಂದು ಬಿಲ್ ಬಿಟ್ಟರೆ ವಾರಂಟಿಗೆ ಹೋರಾಡಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಒಂದು ಅಂಗಡಿಯಲ್ಲಿ ಕಾರ್ಡ್ ಬೇಕಿದ್ದರೆ ತಮ್ಮಲ್ಲಿ ಕೂತುಹೋಗಿದ್ದ ಪವರ್ ಸಪ್ಲೈಯನ್ನೂ ‘ಕಾಂಬೋ’ದಲ್ಲಿ ಕೊಳ್ಳಬೇಕೆಂದರು, ಅಲ್ಲಿಂದ ಎದ್ದು ಬಂದೆವು. ಕೊಂಡ ಅಂಗಡಿಯಲ್ಲಿ ಡಬ್ಬದ ಮೇಲಿನ, ಕಾರ್ಡಿನ ಬೆನ್ನಿನ ಮತ್ತು ಬಿಲ್ಲಿನ ಸೀರಿಯಲ್ ಸಂಖ್ಯೆ ಮೂರೂ ಒಂದೇ ಎಂದು ನೋಡಿ, ಅವರದೇ ಟೆಸ್ಟ್ ಬೆಂಚಿನಲ್ಲಿ ಕಾರ್ಡ್ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದೆವು. ಇದಕ್ಕೆ ಕಾರಣವಿದೆ. 50 ಸರಣಿಯ ಆರಂಭದ ಕೆಲವು ಕಾರ್ಡುಗಳಲ್ಲಿ ಆರ್‌ಒಪಿ ಘಟಕಗಳು (ಪಿಕ್ಸೆಲ್‌ಗಳಿಗೆ ಕೊನೆಯ ರೂಪ ಕೊಡುವ ಭಾಗಗಳು) ಎಂಟು ಕಡಿಮೆ ಇದ್ದವು, ಶೇ 0.5ಕ್ಕಿಂತ ಕಡಿಮೆ ಕಾರ್ಡುಗಳಲ್ಲಿ ಈ ತಯಾರಿಕಾ ದೋಷ ಇದೆಯೆಂದು ಎನ್‌ವಿಡಿಯಾ 2025ರ ಫೆಬ್ರುವರಿಯಲ್ಲಿ ಒಪ್ಪಿಕೊಂಡಿತ್ತು. 5070 ಟಿಐನಲ್ಲಿ 96 ಇರಬೇಕು, 88 ಇದ್ದರೆ ಬದಲಿ ಕೇಳಬೇಕು. ನಮ್ಮದರಲ್ಲಿ 96 ಇತ್ತು. ಅಂಗಡಿಯ ಹುಡುಗ ಆ ಅಂಕಿಯನ್ನು ತನ್ನ ಫೋನಿನಲ್ಲಿ ಫೋಟೊ ತೆಗೆದುಕೊಂಡ, ಮುಂದಿನ ಗಿರಾಕಿಗೆ ಉಪಯೋಗವಾಗಲೆಂದೇನೋ.

ಕಾರ್ಡಿನಲ್ಲಿ ಉಳಿದ ಹಣದಿಂದ 32 ಇಂಚಿನ 4ಕೆ, 240 ಹರ್ಟ್ಸ್ ಒಎಲ್‌ಇಡಿ ಮಾನಿಟರ್ ಬಂತು. 32 ಇಂಚನ್ನು ಮೀರಿದ ಮಾನಿಟರುಗಳಿಗೆ ಆಗ ಶೇ 28 ಜಿಎಸ್‌ಟಿ ಇತ್ತು, ಅದು 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಆದ್ದರಿಂದ ಅದಕ್ಕಿಂತ ದೊಡ್ಡದನ್ನು ನೋಡಲು ಹೋಗಲಿಲ್ಲ. ದಿನವಿಡೀ ಒಂದೇ ಟೂಲ್‌ಬಾರ್ ನಿಂತಿರುವ ಬ್ಲೆಂಡರ್ ಬಳಕೆಯಲ್ಲಿ ಬರ್ನ್-ಇನ್ (ನಿಂತ ಚಿತ್ರದ ಅಚ್ಚು ಪರದೆಯಲ್ಲಿ ಉಳಿದುಬಿಡುವುದು) ಆಗುವ ಸಾಧ್ಯತೆ ಒಎಲ್‌ಇಡಿಯಲ್ಲಿ ನಿಜವಾಗಿಯೂ ಇದೆ. ಹಳೆಯ 1440ಪಿ ಮಾನಿಟರನ್ನು ಮಾರದೆ ಪಕ್ಕದಲ್ಲಿಟ್ಟು, ಬ್ಲೆಂಡರ್ ಕೆಲಸವನ್ನು ಅದರಲ್ಲೇ ಮಾಡುವುದೆಂದು ಗೊತ್ತುಮಾಡಿಕೊಂಡರು. ಯುಪಿಎಸ್, ಎಲೆಕ್ಟ್ರಿಷಿಯನ್ ಕೂಲಿ ಎಲ್ಲ ಸೇರಿ ಒಟ್ಟು ಮೂರು ಲಕ್ಷದ ನಲವತ್ತು ಸಾವಿರದೊಳಗೆ ಮುಗಿಯಿತು.

ಜೋಡಣೆಯ ನಂತರ ಸಾಕೆಟ್ಟಿಗೆ ಪವರ್ ಮೀಟರ್ ಹಾಕಿ ಸೈಬರ್‌ಪಂಕ್ ಓಡಿಸಿದಾಗ ಮಾನಿಟರ್ ಸೇರಿ 540 ವ್ಯಾಟಿನ ಸುತ್ತ ನಿಂತಿತು. ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇನ್ನೂ ಕಡಿಮೆ. ಮೇ ತಿಂಗಳ ಮಳೆಯಲ್ಲಿ ಕರೆಂಟ್ ಹೋದಾಗ ಜನರೇಟರ್ ಬರುವವರೆಗೆ ಯುಪಿಎಸ್ ಆಟವನ್ನು ನಿಲ್ಲದಂತೆ ನಡೆಸಿತು, ಮೀಟರ್ ಕಡಿಯಲಿಲ್ಲ. ಆದರೆ ಜನರೇಟರ್ ಬಂದ ಮೇಲೂ ಯುಪಿಎಸ್ ಬೀಪ್ ಮಾಡುತ್ತ ಬ್ಯಾಟರಿಯಲ್ಲಿಯೇ ಉಳಿದು, ಕೆಲವು ನಿಮಿಷಗಳಲ್ಲಿ ಕಂಪ್ಯೂಟರನ್ನು ಆರಿಸಿಬಿಟ್ಟಿತು. ಜನರೇಟರಿನ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಹೊರೆಗೆ ತಕ್ಕಂತೆ ಏರಿಳಿಯುವುದರಿಂದ, ಸೂಕ್ಷ್ಮ ಮೋಡಿನಲ್ಲಿದ್ದ ಯುಪಿಎಸ್ ಅದನ್ನು ಕೆಟ್ಟ ವಿದ್ಯುತ್ ಎಂದು ತಿರಸ್ಕರಿಸುತ್ತಿತ್ತು. ಮುಂಭಾಗದ ಗುಂಡಿಯಿಂದ ಸಂವೇದನೆಯನ್ನು ಕಡಿಮೆಗೆ ಇಳಿಸಿದ ಮೇಲೆ ಮುಂದಿನ ಮಳೆಗೆ ಬೀಪ್ ಎರಡು ಸಲ ಕೂಗಿ ನಿಂತಿತು, ಆಟ ಮುಂದುವರಿಯಿತು.